ಸಹಾಯ ಬೇಕು: ಭೋಪಾಲ್‌ನ ಅನಿಲ ದುರಂತದ ಮ್ಯೂಸಿಯಂ ನೋಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಭೋಪಾಲ್‌ಗೆ ಹೋಗುತ್ತಿದ್ದೇವೆ. ಅಲ್ಲಿನ 'ರಿಮೆಂಬರ್ ಭೋಪಾಲ್' ಮ್ಯೂಸಿಯಂ ನೋಡಲೇಬೇಕು ಅಂತ ಆಸೆ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿತಲ್ವಾ, ಅದರಲ್ಲಿ ಬದುಕುಳಿದವರ ಮಾತುಗಳನ್ನು ಅಲ್ಲಿ ಅವರದೇ ದನಿಯಲ್ಲಿ ಕೇಳಬಹುದು. ತೀರಿಕೊಂಡವರ ಬಟ್ಟೆಬರೆ, ಸಾಮಾನುಗಳನ್ನು ಮನೆಯವರೇ ಕೊಟ್ಟಿದ್ದಾರೆ. ಸರ್ಕಾರದ ದುಡ್ಡಿಲ್ಲದೆ 2014ರಲ್ಲಿ ಶುರುವಾದ ಪುಟ್ಟ ಜಾಗ. ಆ ರಾತ್ರಿಗಿಂತ ಆಮೇಲಿನ ವರ್ಷಗಳ ಕಾಯಿಲೆ, ಹೋರಾಟದ ಕಥೆಯೇ ನನಗೆ ಜಾಸ್ತಿ ಕಾಡುತ್ತದೆ.

ನನ್ನ ಜೊತೆ ಹನ್ನೊಂದು ವರ್ಷದ ಮಗಳು ಬರುತ್ತಾಳೆ. ಅವಳಿಂದ ಇದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ, ಆದರೆ ಅವಳನ್ನು ಹೆದರಿಸಲೂ ಇಷ್ಟವಿಲ್ಲ. ತುಂಬಾ ಕಲಕುವ ಫೋಟೋಗಳಿವೆಯಾ? ಯಾವ ಕೋಣೆ ಬಿಟ್ಟು ಮುಂದೆ ಹೋಗಬಹುದು? ಅಮ್ಮನಿಗೆ ಹಿಂದಿ ಬರಲ್ಲ, ಯಾರಾದರೂ ಜೊತೆಗಿದ್ದು ವಿವರಿಸುತ್ತಾರಾ? ಮೊದಲೇ ಫೋನ್ ಮಾಡಿ ಹೋಗಬೇಕಾ? ಫೋಟೋ ತೆಗೆಯಬಹುದಾ ಅಂತ ಕೇಳುವುದೇ ತಪ್ಪೆನಿಸುತ್ತೆ, ಅದು ಬೇಡ ಬಿಡಿ.

ಕಾರ್ಖಾನೆ ಎದುರು ತಾಯಿ-ಮಗುವಿನ ಪ್ರತಿಮೆ ಇದೆಯಲ್ಲ, ಅದನ್ನೂ ಅದೇ ದಿನ ನೋಡಲು ಆಗುತ್ತಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.