ಸಹಾಯ ಬೇಕು: ಹಳೇ ಎಚ್‌ಎಂಟಿ ವಾಚ್ ಕಲೆಕ್ಷನ್ ಶುರು ಮಾಡೋದು ಹೇಗೆ?

ಎಲ್ರಿಗೂ ನಮಸ್ಕಾರ. ಮನೆ ಬೀರು ಕ್ಲೀನ್ ಮಾಡ್ವಾಗ ಅಪ್ಪನ ಎಚ್‌ಎಂಟಿ ಜನತಾ ಸಿಕ್ತು, ಗ್ಲಾಸೆಲ್ಲಾ ಗೀರು ಬಿದ್ದಿದೆ ಆದ್ರೂ ಕೀ ಕೊಟ್ಟ ತಕ್ಷಣ ಟಿಕ್ ಟಿಕ್ ಅಂತ ಓಡೋಕೆ ಶುರು ಆಯ್ತು, ಅಲ್ಲಿಂದ ಹುಚ್ಚು ಹಿಡಿದಿದೆ ನಂಗೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ನಮ್ಮ ಬೆಂಗಳೂರಲ್ಲೇ ಶುರುವಾದ ಫ್ಯಾಕ್ಟರಿ ಅಲ್ವಾ, ಹಂಗಾಗಿ ಬರೀ ಎಚ್‌ಎಂಟಿನೇ ಕೂಡಿಡೋಣ ಅಂತ. ಆದ್ರೆ ಮೊನ್ನೆ ಆನ್‌ಲೈನಲ್ಲಿ ತಗೊಂಡ ಎಚ್‌ಎಂಟಿ ಪೈಲಟ್ ರೀಡಯಲ್ ಮಾಡಿರೋದು (ಅಂದ್ರೆ ಡಯಲ್‌ಗೆ ಹೊಸದಾಗಿ ಬಣ್ಣ, ಅಕ್ಷರ ಹಾಕಿರೋದು) ಅನ್ಸತ್ತೆ, ಅಕ್ಷರ ದಪ್ಪ ದಪ್ಪ, ನಿಮಿಷದ ಗೆರೆಗಳೂ ಸೊಟ್ಟ, ದುಡ್ಡು ಹೋಯ್ತು ಬಿಡಿ. ಒರಿಜಿನಲ್ ಡಯಲ್ ಗುರ್ತು ಹಿಡಿಯೋದು ಹೇಗೆ? 17 ಜ್ಯುವೆಲ್ (ಒಳಗೆ ಸವೆತ ತಡೆಯೋ ಪುಟ್ಟ ಹರಳು) ಇರೋ ಮಷೀನ್ ಬಿಚ್ಚಿ ಆಯಿಲಿಂಗ್ ಮಾಡೋ ನಂಬಿಕಸ್ಥ ರಿಪೇರಿಯವ್ರು ಬೆಂಗಳೂರು, ತುಮಕೂರು ಕಡೆ ಯಾರಾದ್ರೂ ಇದಾರಾ? ಮುಂದೆ ಎಚ್‌ಎಂಟಿ ಮಾಡೆಲ್‌ಗಳಲ್ಲಿ ಕಾಂಚನ್ ತಗೊಳ್ಲಾ, ಕೊಹಿನೂರ್ ತಗೊಳ್ಲಾ? ಬಜೆಟ್ ಎರಡು ಸಾವ್ರ, ಮನೇಲಿ ಹೇಳಿರೋದು ಐನೂರು ಅಂತ 😅