ಅಪ್‌ಡೇಟ್: ಜರ್ಮನಿಯಲ್ಲಿ ವಾಲಿಬಾಲ್ ಆಡಲು ಶುರು ಮಾಡಿದೆ

ಜರ್ಮನಿಗೆ ಬಂದಿದ್ದೇನೆ, ಭಾಷೆ ಬರುವುದಿಲ್ಲ, ಗೆಳೆಯರು ಸಿಗುವುದು ಹೇಗೆ ಅಂತ ಕೇಳಿದ್ದೆ. ಬದಿಯಡ್ಕದ ಅಣ್ಣ ಒಬ್ಬರು "ಊರಲ್ಲಿ ವಾಲಿಬಾಲ್ ಆಡುತ್ತಿದ್ದೆ ಅಲ್ವಾ, ಅಲ್ಲೂ ಆಡು ಮಾರಾಯ" ಅಂದಿದ್ದರು. ಹಾಗೇ ಮಾಡಿದೆ, ತುಂಬಾ ಒಳ್ಳೆಯದಾಯಿತು.

ಇಲ್ಲಿ 80 ಸಾವಿರಕ್ಕಿಂತ ಜಾಸ್ತಿ ಕ್ರೀಡಾ ಕ್ಲಬ್‌ಗಳಿವೆ. ಸದಸ್ಯರಾಗುವ ಮೊದಲು ಸುಮ್ನೆ ಹೋಗಿ ಆಡಿ ನೋಡಲು ಹೆಚ್ಚಿನ ಕಡೆ ಬಿಡುತ್ತಾರೆ. ವಾಲಿಬಾಲ್‌ನಲ್ಲಿ ಒಂದು ಮೂಲೆ ಹಿಡಿದು ನಿಲ್ಲಲು ಆಗುವುದಿಲ್ಲ. ಎದುರಿನವರು ಸರ್ವ್ ಮಾಡಿದ ಪಾಯಿಂಟ್ ನಾವು ಗೆದ್ದಾಗಲೆಲ್ಲ ನಮ್ಮ ಆರೂ ಜನ ಒಂದೊಂದು ಜಾಗ ಸರಿಯಬೇಕು, ಹೊಡೆಯುವವರಿಗೆ ಬಾಲ್ ಎತ್ತಿಕೊಡುವ ಸೆಟ್ಟರ್ ಯಾವ ಬಾಲ್ ಕೊಡುತ್ತೇನೆ ಅಂತ ಬೆರಳಲ್ಲೇ ತೋರಿಸುತ್ತಾನೆ, ಪಾಯಿಂಟ್ ಬಂದರೂ ಹೋದರೂ ಎಲ್ಲರೂ ಬಂದು ಕೈ ತಟ್ಟುತ್ತಾರೆ. ನಮ್ಮ ಕಾಸರಗೋಡಲ್ಲಿ ತುಳು, ಮಲಯಾಳಂ, ಬ್ಯಾರಿ, ಕನ್ನಡದ ಹುಡುಗರು ಒಂದೇ ಗದ್ದೆಯಲ್ಲಿ ಆಡಿ ಬೆಳೆದವರು, ನನಗೆ ಇದು ಹೊಸದೇನೂ ಅನಿಸಲಿಲ್ಲ.

ಆದರೆ ಗೆಳೆತನ ಆಗಿದ್ದು ಆಟ ಮುಗಿದ ಮೇಲೆ. ನೆಟ್ ಬಿಚ್ಚುವಾಗ ನಿಂತು ಸಹಾಯ ಮಾಡಿ, ಬೇಗ ಹೊರಡಬೇಡಿ. ಸಿರಿಯಾದ ಒಬ್ಬ ಹುಡುಗ ಹಾಗೇ ಪರಿಚಯವಾಗಿ ಈಗ ಮನೆಗೆ ಊಟಕ್ಕೆ ಕರೆಯುತ್ತಾನೆ, ಇಬ್ಬರೂ ಅರೆಬರೆ ಜರ್ಮನ್‌ನಲ್ಲೇ ಗಂಟೆಗಟ್ಟಲೆ ಮಾತಾಡುತ್ತೇವೆ.

ಕುಂಬಳೆಯಿಂದ ಇಲ್ಲಿಗೆ ಬರುವ ತಮ್ಮ ಒಬ್ಬ ಆಡಲು ಏನು ತರಬೇಕು ಅಂತ ಕೇಳಿದ್ದನಲ್ಲ, ಅವನಿಗೆ: ನೆಲಕ್ಕೆ ಕಲೆ ಮಾಡದ ಅಟ್ಟೆಯ ಒಳಾಂಗಣ ಶೂ ತಂದುಕೋ. ಹೊರಗಿನ ಶೂ ಹಾಕಿದರೆ ಹಾಲ್‌ಗೆ ಬಿಡುವುದಿಲ್ಲ.