ರಾಟ್‌ವೀಲರ್ ಮರಿ ತರಬಹುದಾ? ಬ್ಯಾನ್ ಉಂಟಾ ಇಲ್ವಾ?

ಪೆರ್ಲದ ತೋಟ:
ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ತೋಟದ ಮನೆ, ಕೂಗಿದ್ರೆ ಕೇಳುವಷ್ಟು ಹತ್ತಿರ ಯಾರೂ ಇಲ್ಲ. ಪುತ್ತೂರಿನ ಭಾವ ರಾಟ್‌ವೀಲರ್ ಮರಿ ಕೊಡ್ತೇನೆ ಅಂತಿದ್ದಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ಅಮ್ಮನಿಗೆ ಎಪ್ಪತ್ತಾರು. 2024ರ ಮಾರ್ಚಲ್ಲಿ ಕೇಂದ್ರದವರು 23 ಜಾತಿ ನಾಯಿ ಬೇಡ ಅಂತ ಸುತ್ತೋಲೆ ಕಳಿಸಿದ್ರಲ್ಲ, ಅದ್ರಲ್ಲಿ ಇದೂ ಇತ್ತು. ಭಾವ ಹೇಳುವುದು ಅದನ್ನು ಕೋರ್ಟು ರದ್ದು ಮಾಡಿದೆ ಅಂತ, ಆದ್ರೆ ಅದು ಬೆಂಗಳೂರಿನ ಕೋರ್ಟಲ್ವಾ, ಸಾರಡ್ಕದ ಗಡಿ ದಾಟಿ ಕೇರಳದ ಈಚೆ ತಂದ ಮೇಲೆ ಎಂತ ಕತೆ? ಕಾನೂನು ಒಂದು ಕಡೆ ಇರ್ಲಿ, ತರುವುದು ಸರಿಯಾ ಅಂತಲೂ ಹೇಳಿ.

ಅಡ್ಕಸ್ಥಳ ರಾವ್:
ಅದು ರಾಜ್ಯಗಳಿಗೆ ಬರೆದ ಪತ್ರ, ಪಾರ್ಲಿಮೆಂಟ್ ಪಾಸ್ ಮಾಡಿದ ಕಾಯ್ದೆ ಅಲ್ಲ. ಕರ್ನಾಟಕ ಹೈಕೋರ್ಟು 2024 ಏಪ್ರಿಲ್ 10ಕ್ಕೆ ರದ್ದು ಮಾಡಿದ್ದು ಸಂಬಂಧಪಟ್ಟವರನ್ನು ಕೇಳದೆ ಮಾಡಿದ್ದೀರಿ ಅಂತ, ಕೇಳಿ ಹೊಸತು ತರ್ಲಿಕ್ಕೆ ಬಾಗಿಲು ತೆರೆದೇ ಇಟ್ಟಿದೆ. ಆ ಪಟ್ಟಿ ಓದಿದ್ದೀರಾ? ಟೋಸಾ ಇನು ಅಂತ ಒಂದು, ಜಪಾನೀಸ್ ಟೋಸಾ ಅಂತ ಇನ್ನೊಂದು, ಎರಡೂ ಒಂದೇ ನಾಯಿ ಮಾರಾಯ್ರೆ! ನಮ್ಮ ಕಡೆ ಗೇಟಿಗೊಂದು ಇರುವ ಅಲ್ಸೇಷನ್, ಡಾಬರ್‌ಮನ್ ಅದ್ರಲ್ಲಿ ಇಲ್ಲವೇ ಇಲ್ಲ. ಬ್ರಿಟನ್ನಲ್ಲಿ 1991ರಲ್ಲಿ ನಾಲ್ಕು ಜಾತಿ ನಿಷೇಧಿಸಿದ್ರು, ಆಮೇಲೆ 2023ರ ಕೊನೆಗೆ ಎಕ್ಸ್‌ಎಲ್ ಬುಲ್ಲಿ ಅಂತ ಇನ್ನೊಂದು ಜಾತಿ ಸೇರಿಸ್ಬೇಕಾಯ್ತು. ಇಟಲಿಯವರು 2009ರಲ್ಲಿ ಪಟ್ಟಿಯನ್ನೇ ಬಿಟ್ಟು ಸಾಕುವವರ ಮೇಲೆ ಹೊಣೆ ಹಾಕಿದ್ರು, ನನ್ನ ಪ್ರಕಾರ ಸರಿ ದಾರಿ ಅದೇ.

ಕುಂಬಳೆ ಅಕ್ಕ:
ರಾವ್ ಅಣ್ಣ, ನಮ್ಮ ಅತ್ತೆಗೆ ಕಚ್ಚಿದ್ದು ಪಕ್ಕದ ಮನೆಯ ಅಲ್ಸೇಷನ್ನೇ. ದಿನವಿಡೀ ಸಂಕೋಲೆಯಲ್ಲಿ, ರಾತ್ರಿ ಬಿಟ್ರೆ ಹುಚ್ಚು ಕಟ್ಟಿದ ಹಾಗೆ ಓಡ್ತದೆ. ಹಾಲು ತರ್ಲಿಕ್ಕೆ ಹೋದವರ ಮೀನಖಂಡ ಹರಿದು ಹಾಕಿತು, ರೇಬೀಸ್ ಇಂಜೆಕ್ಷನ್ ಜೊತೆ ಗಾಯದ ಸುತ್ತ ಸೀರಮ್ಮೂ ಕೊಡ್ಬೇಕಾಯ್ತು. ಆ ನಾಯಿಯ ಮನೆಯವರು ಒಂದು ಸಲ ನೋಡ್ಲಿಕ್ಕೂ ಬರ್ಲಿಲ್ಲ. ಪಟ್ಟಿಯಲ್ಲಿ ಇಲ್ಲದ ನಾಯಿ ಪಾಪದ್ದು ಅಂತ ಲೆಕ್ಕವಾ?

ಮುಳ್ಳೇರಿಯ ಶೆಟ್ರು:
ನಾನು ಆರು ವರ್ಷ ರಾಟ್‌ವೀಲರ್ ಸಾಕಿದವ, ಬಂಗಾರದಂಥ ನಾಯಿ, ಹೋದಾಗ ಮನೆಯವರೆಲ್ಲ ಅತ್ತಿದ್ದೇವೆ. ಆದ್ರೂ ಜಾತಿಯಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ಎಲ್ಲ ನಾಯಿಯೂ ಕಚ್ಚೀತು, ಆದ್ರೆ ಐವತ್ತು ಕೆಜಿ ಗಂಡು ಕಚ್ಚಿ ಹಿಡಿದ್ರೆ ಬಿಡಿಸ್ಲಿಕ್ಕೆ ಮನೆಯಲ್ಲಿ ಯಾರಿಗೆ ಶಕ್ತಿ ಉಂಟು, ನೀವು ಪೇಟೆಗೆ ಹೋದಾಗ ಅಮ್ಮ ಮತ್ತು ಮಗು ಮಾತ್ರ ಇರ್ತಾರಲ್ವಾ, ಅದನ್ನು ಮೊದಲು ಯೋಚಿಸಿ. 2022ರಲ್ಲಿ ಲಕ್ನೋದಲ್ಲಿ ಪಿಟ್‌ಬುಲ್ ಕಚ್ಚಿ ಸತ್ತದ್ದು ಆ ಮನೆಯದೇ 82 ವರ್ಷದ ಅಮ್ಮ.

ತರುವುದೇ ಆದ್ರೆ ಇಲ್ಲಿ ಪಂಚಾಯತ್ ಲೈಸೆನ್ಸ್ ಬೇಕು, 1998ರಿಂದ ರೂಲ್ಸ್ ಉಂಟು, ರೇಬೀಸ್ ಲಸಿಕೆ ಹಾಕಿಸಿದ ಸರ್ಟಿಫಿಕೇಟ್ ಇಟ್ಕೊಳ್ಳಿ. ಕುಂಬಳೆ ಅಕ್ಕ, ನಾಯಿಯನ್ನು ಅಜಾಗ್ರತೆಯಿಂದ ಬಿಟ್ರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 291ನೇ ಸೆಕ್ಷನ್ನಲ್ಲಿ ಆರು ತಿಂಗಳವರೆಗೆ ಜೈಲು ಉಂಟು, ಕಂಪ್ಲೇಂಟ್ ಕೊಡಿ, ನೆರೆಕರೆ ಅಂತ ಸುಮ್ಮನಿರ್ಬೇಡಿ.

ಪೆರ್ಲದ ತೋಟ:
ಶೆಟ್ರೆ, ನೀವು ಹೇಳಿದ್ದು ಓದಿ ಹೆಂಡ್ತಿಗೂ ತೋರಿಸಿದೆ. ನಮ್ಮಲ್ಲಿ ಕಂಪೌಂಡೇ ಇಲ್ಲ, ಅಂಗಳದ ಬದಿಯಲ್ಲೇ ಶಾಲೆ ಮಕ್ಕಳು ನಡೆಯುವ ದಾರಿ. ಭಾವನಿಗೆ ಫೋನ್ ಮಾಡಿ ಈಗ ಬೇಡ ಅಂದೆ. ಕಾಟು ನಾಯಿಯ, ಅಂದ್ರೆ ನಮ್ಮ ಊರ ನಾಯಿಯ, ಹೆಣ್ಣು ಮರಿ ಯಾರ ಹತ್ರವಾದ್ರೂ ಇದ್ರೆ ತಿಳಿಸಿ, ಲಸಿಕೆ ಎಲ್ಲ ನಾನೇ ಹಾಕಿಸ್ತೇನೆ.